ಚಳಿಗಾಲದ ಓಟಕ್ಕೆ ನಮ್ಮ ಸಭಾಭವನದ ಬಾಗಿಲು ತೆರೆಯಲಿ



ಡಿಸೆಂಬರ್ ಬಂತೆಂದರೆ ನಮ್ಮ ಓಟದ ಗುಂಪು ಕರಗತೊಡಗುತ್ತದೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಬೆಳಿಗ್ಗೆ ಇಪ್ಪತ್ತಮೂರು ಜನ ಸೇರುತ್ತಿದ್ದೆವು. ಕ್ರಿಸ್ಮಸ್ ಹೊತ್ತಿಗೆ ಉಳಿದವರು ಏಳು ಮಂದಿ. ಮೊದಲು ಅಮ್ಮಂದಿರು ನಿಂತರು. ಆಮೇಲೆ ಹುಡುಗಿಯರು, ಅವರ ಹಿಂದೆಯೇ ಎಂಟನೇ ಒಂಬತ್ತನೇ ತರಗತಿಯ ಹುಡುಗರು. ಕೊನೆಗೆ ಉಳಿದ ನಾವು "ಚಳಿಗೆ ಹೆದರದವರು" ಎಂದು ನಮ್ಮನ್ನು ನಾವೇ ಹೊಗಳಿಕೊಂಡು ಗ್ರೂಪ್‌ನಲ್ಲಿ ಫೋಟೊ ಹಾಕಿದೆವು. ಆ ಹೊಗಳಿಕೆ ಎಷ್ಟು ಪೊಳ್ಳು ಎಂಬುದು ನನಗೆ ಜನವರಿಯಲ್ಲಿ ಗೊತ್ತಾಯಿತು.

ಅಂದು ಬೆಳಿಗ್ಗೆ 5.45. ಊರ ಹೊರಗಿನ ರಸ್ತೆಯಲ್ಲಿ ದಟ್ಟ ಮಂಜು. ಪ್ಲಸ್ ಟೂ ಓದುವ ಒಬ್ಬ ತಂಗಿ, ಬಿಡದೆ ಬರುತ್ತಿದ್ದ ಒಬ್ಬಳೇ ಹುಡುಗಿ, ನಮ್ಮ ಹಿಂದೆ ಓಡುತ್ತಿದ್ದಳು. ನಾವು ವೇಗದವರು ಮುಂದೆ ಹೋದೆವು. ಹೆಡ್‌ಲೈಟ್ ಇಲ್ಲದ ಒಂದು ಬೈಕು ಎದುರು ದಿಕ್ಕಿನಿಂದ ಬಂದು ಅವಳಿಗೆ ತಾಗಿತು. ಮಣಿಕಟ್ಟಿನ ಮೂಳೆ ಮುರಿಯಿತು. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಅಣ್ಣ ಒಬ್ಬರು ನಿಂತು, ಅವಳನ್ನು ಪಕ್ಕಕ್ಕೆ ಕೂರಿಸಿ, ಅವಳ ಅಪ್ಪನಿಗೆ ಫೋನ್ ಮಾಡಿದರು. ನನಗೆ ಗೊತ್ತಾದದ್ದು ತಿರುಗಿ ಬರುವಾಗ. ಅಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಸಂಜೆ ಮನೆಗೆ ಹೋದಾಗ ಅವಳ ಅಮ್ಮ ಜೋರು ಮಾಡಲಿಲ್ಲ. "ನೀನು ಜೊತೆಗಿದ್ದೀಯ ಅಂತಲೇ ಕಳಿಸಿದ್ದು ಕಣಪ್ಪ" ಎಂದರು, ಅಷ್ಟೇ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಜೊತೆಗೆ ಇರಲಿಲ್ಲವಲ್ಲ!

ಅದಕ್ಕೇ ಈ ಲೇಖನ. ಡಿಸೆಂಬರ್, ಜನವರಿ ಎರಡು ತಿಂಗಳು, ವಾರಕ್ಕೆ ಮೂರು ದಿನ, ಬೆಳಿಗ್ಗೆ 5.45ರಿಂದ 6.45ರವರೆಗೆ ನಮ್ಮ ಧರ್ಮಕೇಂದ್ರದ ಸಭಾಭವನವನ್ನು ಓಟಕ್ಕೂ ವ್ಯಾಯಾಮಕ್ಕೂ ತೆರೆಯಬೇಕು ಎಂಬುದು ನನ್ನ ಅಭಿಪ್ರಾಯ.

"ಬೆಳಕಾದ ಮೇಲೆ ಓಡಿ" ಎಂದು ಕೆಲವರು ಹೇಳುತ್ತಾರೆ. ಲೆಕ್ಕ ನೋಡೋಣ. ಜೂನ್ ಆರಂಭದಲ್ಲಿ ಹೊಸೂರಿನಲ್ಲಿ 5.55ರ ಹೊತ್ತಿಗೆ ಸೂರ್ಯ ಮೂಡುತ್ತಾನೆ. ಜನವರಿ ಮಧ್ಯದಲ್ಲಿ 6.45 ಆಗುತ್ತದೆ. ಡಿಸೆಂಬರ್ 21 ಅತಿ ಚಿಕ್ಕ ಹಗಲಾದರೂ, ನಮ್ಮ ಕಡೆ ಸೂರ್ಯ ಅತಿ ತಡವಾಗಿ ಮೂಡುವುದು ಜನವರಿಯಲ್ಲೇ. ಶಾಲಾ ಬಸ್ಸು, ಸಿಪ್ಕಾಟ್ ಕಂಪನಿ ಬಸ್ಸು, ಬೆಂಗಳೂರಿಗೆ ಹೋಗುವ ಬಸ್ಸು ಯಾವುದೂ ಸೂರ್ಯನಿಗೆ ಕಾಯುವುದಿಲ್ಲ. ಬೆಳಕಾದ ಮೇಲೆ ಎಂದರೆ ಓಟವೇ ಇಲ್ಲ ಎಂದು ಅರ್ಥ.

ರಸ್ತೆಯ ಕಥೆ ನಿಮಗೇ ಗೊತ್ತು. ನಸುಕಿನಲ್ಲಿ ತರಕಾರಿ, ಗುಲಾಬಿ ಹೂವು ತುಂಬಿದ ಟೆಂಪೊಗಳು ಬೆಂಗಳೂರು ಮಾರುಕಟ್ಟೆಗೆ ಓಡುತ್ತವೆ. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವುದೇ ಇಲ್ಲ. ಗಂಟೆಗೆ 40 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿನಲ್ಲಿ 11 ಮೀಟರ್ ಬರುತ್ತದೆ. ಮಂಜಿನಲ್ಲಿ ಕಣ್ಣಿಗೆ ಕಾಣುವುದೇ 20 ಮೀಟರ್ ಆದರೆ, ಸವಾರ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಇದರಲ್ಲಿ ಧೈರ್ಯದ ಮಾತೇ ಇಲ್ಲ.

ಒಳಗೆ ಓಡುವುದು ನಮ್ಮ ಹೊಸ ಹುಚ್ಚೇನೂ ಅಲ್ಲ. ಹಿಮ ಬೀಳುವ ದೇಶಗಳಲ್ಲಿ ಓಟದ ಕ್ಲಬ್‌ಗಳು ಚಳಿಗಾಲದಲ್ಲಿ ಒಳಾಂಗಣ ಟ್ರ್ಯಾಕ್‌ನಲ್ಲೇ ಸೇರುತ್ತವೆ. ಹೊರಗಿನ ಟ್ರ್ಯಾಕ್ 400 ಮೀಟರ್ ಆದರೆ, ಒಳಾಂಗಣದ್ದು ಸಾಮಾನ್ಯವಾಗಿ 200 ಮೀಟರ್. ತಿರುವಿನಲ್ಲಿ ಓಟಗಾರರು ಹೊರಕ್ಕೆ ಎಸೆಯಲ್ಪಡದಂತೆ ಅಂಚನ್ನು ಎತ್ತರಿಸಿರುತ್ತಾರೆ. ಒಳಗೆ 100 ಮೀಟರ್ ನೇರ ಓಟಕ್ಕೆ ಜಾಗ ಸಾಲದ ಕಾರಣ 60 ಮೀಟರ್ ಓಡುತ್ತಾರೆ. 2024ರ ಫೆಬ್ರವರಿಯಲ್ಲಿ ಟೆಹ್ರಾನ್‌ನ ಏಷ್ಯನ್ ಒಳಾಂಗಣ ಕೂಟದಲ್ಲಿ ನಮ್ಮ ಜ್ಯೋತಿ ಯರ್ರಾಜಿ 60 ಮೀಟರ್ ಹರ್ಡಲ್ಸ್ ಅನ್ನು 8.12 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಭಾರತದಲ್ಲೂ ಈಗ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಒಳಾಂಗಣ ಟ್ರ್ಯಾಕ್ ಇದೆ. ಹೊಸೂರಿಗೆ ಅಂಥದ್ದು ಬರುವವರೆಗೆ ಕಾಯುತ್ತಾ ಕೂರಬೇಕಿಲ್ಲ. ನಮ್ಮ ಸಭಾಭವನ ಸಾಕು.

ಟೇಪ್ ಹಿಡಿದು ನಾನೇ ಅಳೆದಿದ್ದೇನೆ. ಉದ್ದ 30 ಮೀಟರ್, ಅಗಲ 14. ಗೋಡೆಯಿಂದ ಎರಡು ಮೀಟರ್ ಬಿಟ್ಟು ಬಕೆಟ್‌ಗಳನ್ನು ಇಟ್ಟರೆ, 16 ಮೀಟರ್‌ನ ಎರಡು ನೇರ ಓಟ, 5 ಮೀಟರ್ ತ್ರಿಜ್ಯದ ಎರಡು ತಿರುವು ಸಿಗುತ್ತವೆ. ಒಂದು ಸುತ್ತಿಗೆ ಸುಮಾರು 63 ಮೀಟರ್. ಹದಿನಾರು ಸುತ್ತಿಗೆ ಒಂದು ಕಿಲೋಮೀಟರ್.

ಇದರಲ್ಲಿ ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಬಿಎಸ್ಸಿಯಲ್ಲಿ ಓದಿದ ವೃತ್ತೀಯ ಚಲನೆ ಇಲ್ಲಿ ನೆನಪಾಯಿತು. ದೊಡ್ಡ ಟ್ರ್ಯಾಕ್‌ನ ತಿರುವಿನ ತ್ರಿಜ್ಯ ಸುಮಾರು 36.5 ಮೀಟರ್, ನಮ್ಮದು 5. ಅದೇ ವೇಗದಲ್ಲಿ ಓಡಿದರೆ ತಿರುವಿನಲ್ಲಿ ದೇಹವನ್ನು ಒಳಕ್ಕೆ ಎಳೆಯಬೇಕಾದ ಬಲ ಏಳು ಪಟ್ಟು ಹೆಚ್ಚು. ಆ ಭಾರ ಬೀಳುವುದು ಪಾದ, ಮೊಣಕಾಲುಗಳ ಮೇಲೆ. ಹಾಗಾಗಿ ವೇಗದ ಓಟ ಬೇಡ. ಐದು ನಿಮಿಷಕ್ಕೊಮ್ಮೆ ಎಲ್ಲರೂ ದಿಕ್ಕು ಬದಲಿಸಬೇಕು. ಒಟ್ಟು ಓಟ ಇಪ್ಪತ್ತು ನಿಮಿಷ ಮೀರಬಾರದು. ಉಳಿದ ಸಮಯಕ್ಕೆ ಮೈ ಬೆಚ್ಚಗಾಗಿಸುವ ವ್ಯಾಯಾಮ, ಬಸ್ಕಿ, ಹಗ್ಗದಾಟ, ವೇದಿಕೆಯ ಮೆಟ್ಟಿಲು ಹತ್ತಿಳಿಯುವುದು. ಟೈಲ್ಸ್ ನೆಲ ಒದ್ದೆಯಾಗಿದ್ದರೆ ಅಂದು ಓಟವೇ ಇಲ್ಲ. ಸಾಕ್ಸ್ ಹಾಕಿಕೊಂಡು ಮಾತ್ರ ಓಡುವಂತಿಲ್ಲ, ಶೂ ಬೇಕೇ ಬೇಕು. ಉಸಿರಾಟದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬರಬೇಕು.

ಕರೆಂಟ್ ಬಿಲ್ ಎಷ್ಟಾದೀತು? 20 ವಾಟ್‌ನ ಎಂಟು ಟ್ಯೂಬ್ ಉರಿಸಿದರೆ ಗಂಟೆಗೆ 0.16 ಯೂನಿಟ್. ಎರಡು ತಿಂಗಳಿಗೆ 27 ಗಂಟೆ ಎಂದುಕೊಳ್ಳಿ, ಐದು ಯೂನಿಟ್ ಕೂಡ ಆಗುವುದಿಲ್ಲ. ಒಂದು ಮದುವೆ ರಿಸೆಪ್ಷನ್‌ನ ಸೀರಿಯಲ್ ಸೆಟ್ಟಿನ ಮುಂದೆ ಇದು ಏನೇನೂ ಅಲ್ಲ.

ಡಿಸೆಂಬರ್‌ನಲ್ಲಿ ಕ್ಯಾರಲ್ ಅಭ್ಯಾಸ, ಗೋದಲಿಯ ಸಾಮಾನು, ಕುರ್ಚಿಗಳ ರಾಶಿ ಎಲ್ಲವೂ ಭವನದಲ್ಲೇ ಇರುತ್ತವೆ, ನಿಜ. ಕುರ್ಚಿ ಸರಿಸುವುದು, ಮತ್ತೆ ಜೋಡಿಸುವುದು, ಗುಡಿಸುವುದು ನಮ್ಮ ಕೆಲಸ. ಕ್ರಿಸ್ಮಸ್ ವಾರ ನಾವೇ ಬಿಡುತ್ತೇವೆ. ಭಾನುವಾರ ಓಟ ಇರುವುದಿಲ್ಲ, ಅಂದು ಪೂಜೆಗೆ ಬರೋಣ. ಪರೀಕ್ಷೆ ಹತ್ತಿರವಿದೆ ಎನ್ನುವ ಅಪ್ಪ ಅಮ್ಮಂದಿರಿಗೆ ನನ್ನ ಮಾತು ಇಷ್ಟೇ: ವಾರಕ್ಕೆ ಮೂರು ಗಂಟೆ. ಮೊಬೈಲ್‌ಗೆ ಹೋಗುವ ಹೊತ್ತಿನ ಪಕ್ಕದಲ್ಲಿಟ್ಟು ನೋಡಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ರಸ್ತೆಯಲ್ಲಿ ಓಡುವಾಗ ನಿಧಾನದವರು ಹಿಂದೆ ಉಳಿಯುತ್ತಾರೆ, ಕತ್ತಲಲ್ಲಿ ಮರೆಯಾಗುತ್ತಾರೆ. ಸುತ್ತಿನ ಓಟದಲ್ಲಿ ಹಾಗಾಗಲು ಸಾಧ್ಯವೇ ಇಲ್ಲ. ಕಿಲೋಮೀಟರ್‌ಗೆ ಆರು ನಿಮಿಷ ತೆಗೆದುಕೊಳ್ಳುವ ನಾನು, ಒಂಬತ್ತು ನಿಮಿಷ ತೆಗೆದುಕೊಳ್ಳುವ ಒಬ್ಬ ಅಮ್ಮನನ್ನು ಹೆಚ್ಚುಕಡಿಮೆ ಪ್ರತಿ ನಿಮಿಷಕ್ಕೊಮ್ಮೆ ದಾಟುತ್ತೇನೆ. ಹೋಗುವಾಗ "ಬನ್ನಿ ಅಕ್ಕ, ಇನ್ನು ಎರಡೇ ಸುತ್ತು" ಎನ್ನಬಹುದು. ಮುಖ ಬಾಡಿದ್ದರೆ ಕಾಣುತ್ತದೆ, ಉಸಿರು ಹತ್ತಿದರೆ ಕೇಳುತ್ತದೆ. ಬೀಳುವವರಿದ್ದರೆ ಹತ್ತು ಹೆಜ್ಜೆಯಲ್ಲಿ ಯಾರಾದರೂ ಇರುತ್ತಾರೆ.

ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಓಟದ ಹೋಲಿಕೆ ಕೊಟ್ಟರು. ಆ ಊರಿನ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಜನರಿಗೆ ಹೋಲಿಕೆ ತಕ್ಷಣ ಅರ್ಥವಾಗುತ್ತಿತ್ತು. ಬಹುಮಾನ ಒಬ್ಬರಿಗೇ ಎಂಬ ಭಾಗವನ್ನು ನಾವು ಹುಡುಗರು ಚೆನ್ನಾಗಿ ಹಿಡಿದುಕೊಂಡಿದ್ದೇವೆ. ಅದೇ ಪತ್ರದಲ್ಲಿ ಸ್ವಲ್ಪ ಮುಂದೆ, ಒಂದು ಅಂಗಕ್ಕೆ ನೋವಾದರೆ ಇಡೀ ದೇಹಕ್ಕೆ ನೋವು ಎಂಬ ಅರ್ಥದ ಮಾತೂ ಇದೆ. ಆ ಜನವರಿಯ ಬೆಳಿಗ್ಗೆ ನನ್ನ ಗುಂಪಿನ ಒಂದು ಕೈ ಮುರಿದಿತ್ತು. ನಾನು ಮಾತ್ರ ಫೋನಿನಲ್ಲಿ ನನ್ನ ಟೈಮ್ ನೋಡಿಕೊಳ್ಳುತ್ತಿದ್ದೆ.

ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಫಾದರ್ ಅವರಿಗೆ ಬರೆದು ಕೊಡುತ್ತೇನೆ. ಒಪ್ಪುವವರು ಸಹಿ ಹಾಕಿ. ಒಪ್ಪದವರು ಕಾರಣ ಹೇಳಿ, ಸರಿಪಡಿಸಿಕೊಳ್ಳೋಣ. ಬೀಗದ ಕೈ ತೆಗೆದುಕೊಳ್ಳಲು, ಹಿಂದಿರುಗಿಸಲು ಇಬ್ಬರು ಬೇಕು. ಹುಡುಗಿಯರ ಜೊತೆ ಇರಲು ಒಬ್ಬರಾದರೂ ಹಿರಿಯ ಅಕ್ಕ ಬೇಕು. ಹೆಸರು ಕೊಡಿ.

ಆ ತಂಗಿಯ ಕೈ ಈಗ ವಾಸಿಯಾಗಿದೆ. ಅವಳು ಓಟಕ್ಕೆ ಮತ್ತೆ ಬಂದಿಲ್ಲ. ಕಳೆದ ವಾರ ಪೂಜೆ ಮುಗಿದ ಮೇಲೆ ಅವಳ ಅಮ್ಮನಿಗೆ ಹೇಳಿದೆ: "ಈ ಸಲ ಒಳಗೇ ಓಡುತ್ತೇವೆ ಆಂಟಿ, ನೀವೂ ಜೊತೆಗೆ ಬನ್ನಿ." ಅವರು "ನೋಡೋಣಪ್ಪ, ಮೊದಲು ಬಾಗಿಲು ತೆಗೀಲಿ" ಎಂದರು.

ಬಾಗಿಲು ತೆರೆದ ದಿನ ಮತ್ತೆ ಹೋಗಿ ಕೇಳುತ್ತೇನೆ.