ಮಲ್ಟಿಮೀಟರಿನ ಅಂಕೆಯನ್ನು ಎಷ್ಟು ನಂಬಬೇಕು?

ಸೇಡಂ ತಾಲ್ಲೂಕಿನ ಕುರಕುಂಟಾದಿಂದ ವಾಡಿ, ಶಹಾಬಾದಗಳವರೆಗಿನ ಸೀಮೆ ಸುಣ್ಣಕಲ್ಲಿನ ಸೀಮೆ. ಕುರಕುಂಟಾದ ಸಿಮೆಂಟ್ ಕಾರ್ಖಾನೆ ನಿಂತು ಬಹಳ ವರ್ಷಗಳಾದರೂ, ಸುತ್ತಲಿನ ಸಿಮೆಂಟ್ ಕಾರ್ಖಾನೆಗಳೂ ಕಲ್ಲು ಕೊಯ್ಯುವ ಯಂತ್ರಗಳೂ ವಿದ್ಯುತ್ತಿನ ಬಲದಿಂದಲೇ ನಡೆಯುತ್ತಿವೆ. ಇಲ್ಲಿನ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಮಲ್ಟಿಮೀಟರ್ ಹಿಡಿದು ಆ ಯಂತ್ರಗಳ ಮುಂದೆ ನಿಲ್ಲತಕ್ಕವರು. ಅದು ತೋರುವ ಅಂಕೆಯನ್ನು ಓದಲು ಕಲಿಸಿದರೆ ಸಾಲದು. ಆ ಅಂಕೆ ಹುಟ್ಟುವ ಬಗೆಯನ್ನೂ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಏರಿಳಿಯುತ್ತ, ಎರಡು ದಿಕ್ಕಿಗೂ ಸುಮಾರು 325 ವೋಲ್ಟಿನ ಶಿಖರವನ್ನು ಮುಟ್ಟುತ್ತದೆ. ಆದರೂ ಅದನ್ನು 230 ವೋಲ್ಟ್ ಎನ್ನುತ್ತೇವೆ. ಕಾರಣವಿಷ್ಟೆ: ಕಾಯಿಸುವ ತಂತಿಯೊಂದರಲ್ಲಿ ಅದು ಹುಟ್ಟಿಸುವಷ್ಟೇ ಶಾಖವನ್ನು ಹುಟ್ಟಿಸಲು 230 ವೋಲ್ಟಿನ ನೇರ ವಿದ್ಯುತ್ತು ಬೇಕು. ಇದೇ ಪರಿಣಾಮಕ ಮೌಲ್ಯ. ಶಾಖವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಕ್ಷಣಕ್ಷಣದ ಬೆಲೆಗಳನ್ನು ವರ್ಗಮಾಡಿ, ಸರಾಸರಿ ತೆಗೆದು, ಅದರ ವರ್ಗಮೂಲವನ್ನು ಕಂಡುಹಿಡಿದರೆ ಈ ಮೌಲ್ಯ ದೊರೆಯುತ್ತದೆ.

ಅಗ್ಗದ ಮಲ್ಟಿಮೀಟರ್ ಇಷ್ಟೆಲ್ಲ ಗಣಿತಕ್ಕೆ ಕೈಹಾಕುವುದಿಲ್ಲ. ಅದು ಡಯೋಡಿನ ನೆರವಿನಿಂದ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿ, ಬರಿಯ ಸರಾಸರಿಯನ್ನು ಅಳೆಯುತ್ತದೆ. ಆ ಸರಾಸರಿ 207 ವೋಲ್ಟ್, ಅದನ್ನು 1.11ರಿಂದ ಗುಣಿಸಿದಂತೆ ಅಂಕೆಗಳನ್ನು ಹೊಂದಿಸಿರುವುದರಿಂದ 230 ಎಂದು ಕಾಣುತ್ತದೆ. ಈ 1.11 ಶುದ್ಧ ಸೈನ್ ತರಂಗಕ್ಕೆ ಮಾತ್ರ ಸಲ್ಲುವ ಸಂಖ್ಯೆ.

ಅಲೆಯ ಆಕಾರ ಕೆಟ್ಟಿತೆಂದರೆ ಲೆಕ್ಕವೂ ಕೆಟ್ಟಂತೆ. ಎಲೆಕ್ಟ್ರಾನಿಕ್ ರೆಗ್ಯುಲೇಟರೊಂದು ಪ್ರತಿಯೊಂದು ಅರ್ಧ ಆವರ್ತದ ಮೊದಲ ಅರ್ಧವನ್ನು ತಡೆದು, ಉಳಿದುದನ್ನು ಹೀಟರಿಗೆ ಬಿಡುತ್ತದೆನ್ನೋಣ. ಆಗ ನಿಜವಾದ ಪರಿಣಾಮಕ ಮೌಲ್ಯ ಸುಮಾರು 163 ವೋಲ್ಟ್; ಅಗ್ಗದ ಮಾಪಕ ತೋರುವುದು 115. ಅದನ್ನು ನಂಬಿದವನು ಹೀಟರಿನ ಶಾಖ ಕಾಲುಭಾಗಕ್ಕೆ ಇಳಿಯಿತೆಂದು ಲೆಕ್ಕಹಾಕುತ್ತಾನೆ. ವಾಸ್ತವವಾಗಿ ಇಳಿದಿರುವುದು ಅರ್ಧಕ್ಕೆ ಮಾತ್ರ. ವಿದ್ಯುತ್ಪ್ರವಾಹದಲ್ಲಿ ಇದೇ ತಪ್ಪು ನಡೆದರೆ, 10 ಆಂಪಿಯರ್ ಎಂದು ಕಂಡದ್ದು ನಿಜದಲ್ಲಿ 14 ಆಗಿರುತ್ತದೆ. ತಂತಿ ಎಣಿಸಿದ್ದರ ಎರಡರಷ್ಟು ಕಾಯುತ್ತದೆ. ಹೊದಿಕೆ ಕರಗುವುದೂ ಬೆಂಕಿ ಹೊತ್ತುವುದೂ ಇಂತಹ ಅಲಕ್ಷ್ಯದಿಂದಲೇ.

ಹಳೆಯ ಕಾರ್ಖಾನೆಗಳ ಫಲಕಗಳ ಮೇಲಿದ್ದ, ಕಬ್ಬಿಣದ ತುಣುಕು ಚಲಿಸಿ ಮುಳ್ಳನ್ನು ತಿರುಗಿಸುವ ಮಾಪಕಗಳು ಈ ವಿಷಯದಲ್ಲಿ ಮೇಲು. ಅವುಗಳಲ್ಲಿ ಮುಳ್ಳನ್ನು ನೂಕುವ ಬಲವೇ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ದಶಾಂಶದವರೆಗೆ ಹೊಳೆಯುವ ಅಂಕೆಯೆಲ್ಲ ನಿಖರವಾದುದೆಂದು ಭ್ರಮಿಸಲಾಗದು.

ಮನೆಗೆ ಬರುವ ವೋಲ್ಟೇಜು ಬಹುಮಟ್ಟಿಗೆ ಸೈನ್ ತರಂಗವೇ ಆದುದರಿಂದ ಅಗ್ಗದ ಮಾಪಕವೇ ಸಾಕೆಂದು ಕೆಲವರು ವಾದಿಸಬಹುದು. ವೋಲ್ಟೇಜಿನ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಎಲ್‌ಇಡಿ ದೀಪ, ಕಂಪ್ಯೂಟರ್, ಮೋಟಾರಿನ ವೇಗವನ್ನು ಬದಲಿಸುವ ಡ್ರೈವ್ ಇವು ಸೆಳೆಯುವ ಪ್ರವಾಹ ಸೈನ್ ತರಂಗವಾಗಿರುವುದು ಅಪರೂಪ. ಅಲ್ಲಿ 'ಟ್ರೂ ಆರ್‌ಎಂಎಸ್' ಎಂಬ ಗುರುತುಳ್ಳ ಮಾಪಕವೇ ಬೇಕು. ಅದಕ್ಕೂ ತನ್ನದೇ ಆದ ಮಿತಿಗಳುಂಟು.

ಆದುದರಿಂದ ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಅಂತಹ ಮಾಪಕ ಒಂದಾದರೂ ಇರಲಿ. ಎರಡು ಬಗೆಯ ಮಾಪಕಗಳನ್ನೂ ಒಂದೇ ರೆಗ್ಯುಲೇಟರಿಗೆ ಜೋಡಿಸಿ ಅಧ್ಯಾಪಕರು ತೋರಿಸಲಿ. ಎರಡು ಅಂಕೆಗಳು ಬೇರೆ ಬೇರೆಯಾಗಿ ಕಂಡಾಗ ವಿದ್ಯಾರ್ಥಿ ತಾನಾಗಿಯೇ 'ಏಕೆ?' ಎಂದು ಕೇಳುವನು. ವಿಜ್ಞಾನದ ಪಾಠ ಮೊದಲಾಗುವುದು ಅಲ್ಲಿಂದಲೇ.