ಮಳೆಮಾಪಕಕ್ಕೆ ಪಾಟೀಸವಾಲು

ಹಾಲು ಮುಗಿದರೆ ಫ್ರಿಜ್ಜೇ ಅಂಗಡಿಗೆ ಹೇಳಿಕಳಿಸುವ ದಿನಗಳ ಬಗ್ಗೆ ಬೆಂಗಳೂರಿನಲ್ಲಿ ವಿಚಾರ ಸಂಕಿರಣಗಳು ನಡೆಯುತ್ತಲೇ ಇವೆ. ಮುಂಡಗೋಡ ತಾಲ್ಲೂಕಿನ ಇಂದೂರದಂಥ ಊರಿಗೆ ಆ ದಿನಗಳು ಆಗಲೇ ಬಂದಿವೆ. ಬಂದದ್ದು ಮಾತ್ರ ಫ್ರಿಜ್ಜಿನ ರೂಪದಲ್ಲಲ್ಲ, ಪಂಚಾಯಿತಿಗೊಂದರ ಲೆಕ್ಕದಲ್ಲಿ ನೆಟ್ಟ ಮಳೆಮಾಪಕದ ರೂಪದಲ್ಲಿ. ಒಂದು ಸೌರಫಲಕ, ಒಂದು ಬ್ಯಾಟರಿ, ಒಂದು ಸಿಮ್. ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಷ್ಟು ಸಲ ಮಳೆ ಎಣಿಕೆಗೆ ಸೇರುತ್ತದೆ. 15 ನಿಮಿಷಕ್ಕೊಮ್ಮೆ ಆ ಎಣಿಕೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಬರುವುದೋ ಇಲ್ಲವೋ ಎಂದು ತೀರ್ಮಾನಿಸುವುದು ಈ ಎಣಿಕೆಯೇ. ಕೊಳೆ ಬಂದು ಉದುರಿದ ಅಡಿಕೆಗೆ, ಗದ್ದೆಯಲ್ಲೇ ಕೊಳೆತ ಶುಂಠಿಗೆ ಅಲ್ಲಿ ಬಾಯಿಲ್ಲ.

ಪದ್ಧತಿಯಲ್ಲಿ ಒಳ್ಳೆಯದಿಲ್ಲವೆಂದಲ್ಲ. ಅರ್ಜಿ ಬೇಡ, ಪಂಚನಾಮೆ ಬೇಡ, ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಿಲ್ಲ. ಮಳೆ ಮಿತಿ ದಾಟಿದರೆ ಹಣ ತಾನಾಗಿ ಖಾತೆಗೆ ಬೀಳಬೇಕು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮೆ. ರೈತನ ಕಂತು ಶೇ 5, ಅಂದರೆ 6,400. ಆದರೆ ಮಾಪಕದ ಬಾಯಿಗೆ ತರಗೆಲೆ ಬಿದ್ದರೆ, ಬ್ಯಾಟರಿ ಸತ್ತರೆ, ಸಿಗ್ನಲ್ ಹೋದರೆ? ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಫೋನ್ ಮಾಡಲು ಇಂದಿಗೂ ಗುಡ್ಡ ಹತ್ತಬೇಕು. ಮನುಷ್ಯ ಹತ್ತಬಲ್ಲ, ಕಂಬಕ್ಕೆ ಬಿಗಿದ ಯಂತ್ರ ಹತ್ತಲಾರದು. ಉತ್ತರ ಕನ್ನಡದ ಬೆಳೆಗಾರರು ಈಚಿನ ವರ್ಷಗಳಲ್ಲಿ ವಿಮೆ ಪರಿಹಾರಕ್ಕಾಗಿ ಬೀದಿಗಿಳಿದಾಗ ತಕರಾರು ಇದ್ದದ್ದು ಇಂಥ ಕೆಟ್ಟ ಮಾಪಕಗಳ ಮೇಲೇ. ಒಂದು ಕಡೆಯ ಲೆಕ್ಕ ಸಿಗದಿದ್ದರೆ ಪಕ್ಕದ ಕೇಂದ್ರದ ಲೆಕ್ಕ ಹಿಡಿಯುತ್ತಾರೆ. ಗುಡ್ಡದ ಈಚೆ ಧೋ ಎಂದು ಸುರಿದು ಆಚೆ ಬಿಸಿಲು ಕಾಯುವ ಸೀಮೆಯಲ್ಲಿ ನೆರೆಯೂರಿನ ಮಳೆಯನ್ನು ತನ್ನದೆಂದು ಒಪ್ಪಿಕೊಳ್ಳುವುದು ರೈತನ ಪಾಲಿನ ಕರ್ತವ್ಯ. ಹಿಂದೆ ತಾಲ್ಲೂಕು ಕಚೇರಿಯ ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ಗುಮಾಸ್ತ ಅಳೆದು ಬರೆಯುತ್ತಿದ್ದ. ತಪ್ಪಿದ್ದರೆ ಅವನೊಂದಿಗೆ ಜಗಳವಾಡಬಹುದಿತ್ತು. ಈಗಿನ ಯಂತ್ರ ಸಾಕ್ಷಿ ಹೇಳುತ್ತದೆ, ಪಾಟೀಸವಾಲಿಗೆ ಸಿಗುವುದಿಲ್ಲ.

ಇದು ಮಳೆಗೆ ಮಾತ್ರ ನಿಲ್ಲುವ ಮಾತಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹೊಂದದಿದ್ದರೆ, ಸರ್ವರ್ ಕೈಕೊಟ್ಟರೆ, ಕೂಲಿ ಬಿಟ್ಟು ಬಂದವರು ಖಾಲಿ ಚೀಲ ಹಿಡಿದು ಮನೆಗೆ ಹೋಗುತ್ತಾರೆ. ಸರ್ವರ್ ಯಾರದೋ, ಕೂಲಿ ಇವರದು. ಹೊಸ ವಿದ್ಯುತ್ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಎಂಬ ಮಾತು 2025ರಲ್ಲಿ ರಾಜ್ಯವನ್ನೆಲ್ಲ ಸುತ್ತಿತು. ವಾದವೆಲ್ಲ ಮೀಟರಿನ ಬೆಲೆಯ ಮೇಲೆ ನಡೆಯಿತು. ಅದು ತಪ್ಪು ಓದಿದರೆ ಏನು ಎಂಬುದರ ಮೇಲೆ ನಡೆದದ್ದು ಕಡಿಮೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಆ ಗೆರೆ ದಾಟಿತೋ ಇಲ್ಲವೋ ಎಂದು ಹೇಳುವುದೂ ಒಂದು ಯಂತ್ರವೇ. ನಾಳೆ ಪಂಪ್‌ಸೆಟ್ಟಿಗೆ, ಕೊಳವೆ ಬಾವಿಗೆ, ತೋಟದ ಮಣ್ಣಿಗೆ ಇಂಥವೇ ಬರಲಿವೆ. ನಗರದವರಿಗೆ ಜಾಣ ಯಂತ್ರವೆಂದರೆ ಹೇಳಿದ ಕೆಲಸ ಮಾಡುವ ಆಳು. ಹಳಿಯಾಳ, ಜೋಯಿಡಾ, ಮುಂಡಗೋಡಗಳ ರೈತನಿಗೆ ಅದು ತನ್ನ ಬಗ್ಗೆ ಬೇರೆಯವರಿಗೆ ವರದಿ ಒಪ್ಪಿಸುವ ಅಧಿಕಾರಿ. ರಜೆ ಹಾಕದೆ ಕುರ್ಚಿಯಿಂದ ಕಾಣೆಯಾಗುವ ಸರ್ಕಾರಿ ಅಭ್ಯಾಸವೂ ಅದಕ್ಕಿದೆ.

ಆದ್ದರಿಂದ ಮುಂದಿನ ಯಂತ್ರವನ್ನು ನೆಡುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಬೇಕು. ಅದು ಕೆಟ್ಟು ನಿಂತ ದಿನದ ನಷ್ಟ ಯಾರದು? ಇಂದಿನ ರೂಢಿಯಲ್ಲಿ, ಯಂತ್ರದ ಮೇಲೆ ಯಾವ ಹಿಡಿತವೂ ಇಲ್ಲದವನದು. ಕೊಲೆ ಆರೋಪಿಗೂ ನಮ್ಮ ನ್ಯಾಯಾಲಯಗಳು ಸಂಶಯದ ಲಾಭ ಕೊಡುತ್ತವೆ. ಕಂತು ಕಟ್ಟಿದ ಅಡಿಕೆ ಬೆಳೆಗಾರನಿಗೆ ಅದು ದಕ್ಕಿಲ್ಲ. ಮಾಪಕದ ಅಂಕಿ ದಿನಾ ಪಂಚಾಯಿತಿಯ ಹಲಗೆಯ ಮೇಲೆ ಬರಲಿ. ಯಂತ್ರ ಸತ್ತ ಸುದ್ದಿ ಮಳೆಗಾಲದಲ್ಲೇ ಊರಿಗೆ ತಿಳಿಯಲಿ, ಪರಿಹಾರ ಕೇಳಲು ಹೋದಾಗ ಅಲ್ಲ. ವಿಮೆಯ ಕರಾರಿಗೆ ಒಂದು ಸಾಲು ಸೇರಲಿ: ಮಾಪಕ ಮೌನವಾಗಿದ್ದ ದಿನಗಳ ಸಂಶಯದ ಲಾಭ ರೈತನಿಗೆ. ಹಾಗೆ ಬರೆದ ಮರುದಿನವೇ ಬ್ಯಾಟರಿ ಬದಲಿಸುವವರು ಸಿಗುತ್ತಾರೆ.