ದಿವಾಳಿಯಾದವನ ಮರುಬಾಳು

ದೊಡ್ಡ ಕಂಪೆನಿಯೊಂದು ನೂರಾರು ಕೋಟಿ ರೂಪಾಯಿಗಳ ಸಾಲವನ್ನು ತೀರಿಸಲಾರದೆ ಕೈಚೆಲ್ಲಿದರೆ ಅದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಲಿಯುಂಟು, ಗೊತ್ತುಮಾಡಿದ ಗಡುವುಂಟು. ಸಾಲಕೊಟ್ಟವರು ತಮ್ಮ ಬಾಕಿಯಲ್ಲಿ ಬಹುಭಾಗವನ್ನು ಬಿಟ್ಟುಕೊಟ್ಟು ಅದನ್ನು ಮತ್ತೆ ಎತ್ತಿ ನಿಲ್ಲಿಸುವುದೂ ಉಂಟು. ಇದಕ್ಕೆ ಪುನಶ್ಚೇತನವೆಂಬ ಗೌರವದ ಹೆಸರು. ಪೇಟೆಬೀದಿಯಲ್ಲಿ ಚಿಕ್ಕದೊಂದು ಬಟ್ಟೆಯಂಗಡಿಯಿಟ್ಟು ನಷ್ಟಕ್ಕೆ ಸಿಕ್ಕವನಿಗಾದರೋ 'ದಿವಾಳಿ ತೆಗೆದವನು' ಎಂಬ ಹೆಸರೊಂದೇ ದಕ್ಕುತ್ತದೆ. ಈ ತಾರತಮ್ಯವು ಜನರ ಬಾಯಿಮಾತಿನಲ್ಲಿ ಮಾತ್ರವಿದ್ದಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಅದು ಕಾಯಿದೆಯ ಪುಸ್ತಕದಲ್ಲಿಯೇ ಇದೆ.

2016ರ ದಿವಾಳಿ ಸಂಹಿತೆಯು ಕಂಪೆನಿಗಳೊಡನೆ ವ್ಯಕ್ತಿಗಳಿಗೂ ಒಂದು ಭಾಗವನ್ನು ಮೀಸಲಿಟ್ಟಿತು. ಆದರೆ ಆ ಭಾಗದ ಬಾಗಿಲನ್ನು 2019ರ ಡಿಸೆಂಬರ್ 1ರಂದು ತೆರೆದುದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗಾಗಿ ಮಾತ್ರ. 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದೂ ಈ ಜಾಮೀನುದಾರರ ಮೇಲಿನ ವಿಧಿಗಳನ್ನೇ. ಉಳಿದ ಸಾಲಗಾರರ ಪಾಲಿಗೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅದರ 42ನೆಯ ವಿಧಿಯನ್ನು ನಮ್ಮ ವಾಚಕರು ಒಮ್ಮೆ ಓದಬೇಕು. ದಿವಾಳಿಯಾದವನ ಆಸ್ತಿಯು ಅವನ ಆಧಾರರಹಿತ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ ಬಾಳದಿದ್ದರೆ, ಅದು ತನ್ನ ತಪ್ಪಿನಿಂದಾದುದಲ್ಲವೆಂದು ಅವನೇ ತೋರಿಸಿಕೊಟ್ಟ ಹೊರತು, ನ್ಯಾಯಾಲಯವು ಅವನಿಗೆ ಪೂರ್ಣ ವಿಮೋಚನೆಯನ್ನು ಕೊಡಕೂಡದು. ದಶಮಾಂಶ ನಾಣ್ಯವು 1957ರಲ್ಲಿ ಬಂದು ಆಣೆಯನ್ನು ಪಕ್ಕಕ್ಕೆ ಸರಿಸಿತು. ಬಡಸಾಲಿಗನ ಭವಿಷ್ಯವನ್ನು ಅಳೆಯುವುದಕ್ಕೆ ಮಾತ್ರ ಆ ಎಂಟಾಣೆಯನ್ನೇ ಜೋಪಾನವಾಗಿಟ್ಟುಕೊಂಡಿದ್ದೇವೆ! ಹೊಸ ಸಂಹಿತೆಯ ಪ್ರಕಾರವಾದರೋ ದಿವಾಳಿ ಆಜ್ಞೆಯಾದ ಒಂದು ವರ್ಷಕ್ಕೆ ವಿಮೋಚನೆ ದೊರೆಯಬೇಕು.

ಅತಿ ಬಡವರಿಗಾಗಿ ಅದೇ ಸಂಹಿತೆಯಲ್ಲಿ 'ಹೊಸ ಆರಂಭ'ವೆಂಬ ಅಧ್ಯಾಯವೊಂದಿದೆ. ನಾವು ಬರೆಯುವವರೆಗೂ ಅದು ಜಾರಿಗೆ ಬಂದುದಿಲ್ಲ. ಬಂದರೂ ಯಾರಿಗೆ? ವರ್ಷದ ವರಮಾನ 60,000 ರೂಪಾಯಿಗಳನ್ನು, ಆಸ್ತಿ 20,000ವನ್ನು, ಸಾಲ 35,000ವನ್ನು ಮೀರಿರಬಾರದು, ಸ್ವಂತ ಮನೆಯಿರಕೂಡದು. ತಿಂಗಳಿಗೆ 5,000 ರೂಪಾಯಿ ಗಳಿಸಿ ಬಾಡಿಗೆಮನೆಯಲ್ಲಿ ಸಂಸಾರ ಸಾಗಿಸುವವನನ್ನು ನಮ್ಮ ಪಟ್ಟಣಗಳಲ್ಲಿ ಹುಡುಕಿ ತರುವುದೇ ಕಷ್ಟ. ಖಾಸಗಿ ಆಸ್ಪತ್ರೆಯಲ್ಲಿ ವಾರ ಮಲಗಿ ಎದ್ದವನ ಸಾಲವು 35,000ದೊಳಗೆ ನಿಲ್ಲುವುದು ಇನ್ನೂ ಕಷ್ಟ.

ಸಾಲಮನ್ನಾಕ್ಕೆ ದಾರಿ ತೆರೆದರೆ ಮೋಸಗಾರರು ಕೊಬ್ಬುವರೆಂಬ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಬ್ಯಾಂಕಿನಲ್ಲಿರುವುದು ಸಾಮಾನ್ಯ ಠೇವಣಿದಾರನ ಹಣವಷ್ಟೆ. ಆದರೆ ಆಸ್ತಿಯನ್ನು ಮುಚ್ಚಿಟ್ಟವನನ್ನು ಶಿಕ್ಷಿಸುವ ವಿಧಿಗಳು 1920ರ ಕಾಯಿದೆಯಲ್ಲಿಯೇ ಇವೆ. ಬಚ್ಚಿಟ್ಟುಕೊಂಡವನಿಗೂ ಬರಿಗೈಯವನಿಗೂ ಒಂದೇ ಅಳತೆಯಾದರೆ ಎರಡನೆಯವನು ಊರು ಬಿಡುತ್ತಾನೆ, ಇಲ್ಲವೆ ಪ್ರಾಣ ಬಿಡುತ್ತಾನೆ. ಹಣವು ಎರಡು ಬಗೆಯಲ್ಲಿಯೂ ಬಾರದು.

ಅಲ್ಲಿಯವರೆಗೆ ಸಾಲಿಗನು ತನಗಿರುವ ರಕ್ಷಣೆಯನ್ನಾದರೂ ತಿಳಿದಿರಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ವಿಧಿಯಂತೆ ಅಡಿಗೆಯ ಪಾತ್ರೆ, ಹಾಸಿಗೆ, ಉಡುಗೆ, ಕಸುಬುದಾರನ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ; ಸರ್ಕಾರಿ ನೌಕರನ ಪಿಂಚಣಿಯೂ ಹಾಗೆಯೇ. ಸಂಬಳದಲ್ಲಿ ಮೊದಲ 1,000 ರೂಪಾಯಿಗಳೂ ಉಳಿದುದರ ಮೂರನೆಯ ಎರಡು ಪಾಲೂ ನೌಕರನಿಗೆ ಉಳಿಯಬೇಕು. ಅಂದರೆ 31,000 ಸಂಬಳವುಳ್ಳವನಿಂದ ತಿಂಗಳಿಗೆ 10,000ಕ್ಕಿಂತ ಹೆಚ್ಚು ಹಿಡಿಯಲಾಗದು. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಕೇವಲ ತೀರಿಸಲಾರದುದಕ್ಕಾಗಿ ಯಾರನ್ನೂ ಸೆರೆಗೆ ಹಾಕಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ ಹೇಳಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಫೀಯೂ ಹಿಂದಿರುಗುವುದು. ಹೆದರಿ ಮನೆಯೊಳಗೆ ಅಡಗುವುದಕ್ಕಿಂತ ತನ್ನ ಲೆಕ್ಕವನ್ನು ಹಾಳೆಯ ಮೇಲೆ ಬರೆದುಕೊಂಡು ಅಲ್ಲಿಗೆ ಹೋಗುವುದು ಲೇಸು.

ರಾಜಿಯ ಕಾಗದಕ್ಕೆ ರುಜು ಹಾಕುವ ಮುನ್ನ ಒಂದು ಎಚ್ಚರಿಕೆ ಬೇಕು. ಕಡಿಮೆ ಹಣಕ್ಕೆ ತೀರಿಸಿದ ಸಾಲವನ್ನು ಸಿಬಿಲ್ ಮೊದಲಾದ ಸಂಸ್ಥೆಗಳ ದಾಖಲೆಯಲ್ಲಿ 'ಸೆಟಲ್ಡ್' ಎಂದು ಬರೆಯುತ್ತಾರೆ. ಪೂರ್ತಿ ತೀರಿದ್ದನ್ನು 'ಕ್ಲೋಸ್ಡ್' ಎನ್ನುತ್ತಾರೆ. ಮೊದಲನೆಯ ಮಾತು ವರ್ಷಗಟ್ಟಲೆ ಅವನ ಬೆನ್ನಿಗಂಟಿ, ಹೊಸ ಸಾಲ ಕೇಳಿದಲ್ಲೆಲ್ಲ ಅವನಿಗಿಂತ ಮೊದಲು ಹೋಗಿ ಕುಳಿತಿರುತ್ತದೆ. ವರ್ಷಕ್ಕೊಮ್ಮೆ ತನ್ನ ದಾಖಲೆಯನ್ನು ಉಚಿತವಾಗಿ ತರಿಸಿ ನೋಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟು.

ನಮ್ಮ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರ ನಡೆಸುವವರಿಗೆ ಹತ್ತು ವರ್ಷಗಳವರೆಗೆ ಸೆರೆಯನ್ನು ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಬಾಗಿಲು ಬಡಿಯುವವನ ಕೈಯನ್ನು ಅದು ತಡೆಯಬಹುದು. ಒಳಗಿರುವವನು ಎದ್ದು ಮತ್ತೆ ಅಂಗಡಿ ತೆರೆಯಬೇಕಾದರೆ ವಿಮೋಚನೆಯ ಕಾಯಿದೆ ಬೇಕು. ಅದು ಕೇಂದ್ರ ಸರ್ಕಾರದವರ ಕೈಯಲ್ಲಿದೆ. 'ಹೊಸ ಆರಂಭ'ದ ಮಿತಿಗಳನ್ನು ಏರಿಸಲು ಪಾರ್ಲಿಮೆಂಟಿನಲ್ಲಿ ತಿದ್ದುಪಡಿಯಾಗಬೇಕು. ಅಧ್ಯಾಯವನ್ನು ಜಾರಿಗೆ ತರಲು ಗೆಜೆಟ್ಟಿನಲ್ಲೊಂದು ಪ್ರಕಟಣೆ ಸಾಕು.